ಕರೆಂಟು ಬಂದ ಮೇಲೆ ಪ್ರಿಂಟರ್ ಸಿಗುತ್ತಿಲ್ಲವೇ? ಐಪಿ ವಿಳಾಸ ಕಾಯ್ದಿರಿಸಿ

ಮಳೆಗಾಲದಲ್ಲಿ ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆ ಕರೆಂಟು ಹೋಗಿ ಬಂದ ಮೇಲೆ ಅಡಿಕೆ ಮಂಡಿಯ ಪ್ರಿಂಟರ್ ‘ಆಫ್‌ಲೈನ್’ ಎನ್ನುತ್ತದೆ, ಹೋಂಸ್ಟೇಯ ಕ್ಯಾಮೆರಾ ಪರದೆಯಲ್ಲಿ ಕಾಣುವುದಿಲ್ಲ. ಎಷ್ಟೋ ಸಲ ಯಂತ್ರ ಕೆಟ್ಟಿರುವುದಿಲ್ಲ, ನೆಟ್‌ವರ್ಕಿನಲ್ಲಿ ಅದನ್ನು ಗುರುತಿಸುವ ಸಂಖ್ಯೆ, ಅಂದರೆ ಐಪಿ ವಿಳಾಸ, ಬದಲಾಗಿರುತ್ತದೆ.

ವೈಫೈಗೆ ಹೊಸದಾಗಿ ಸೇರುವ ಫೋನಿಗೆ ಸ್ವಂತ ವಿಳಾಸ ಇರುವುದಿಲ್ಲ. 0.0.0.0 ಎಂದುಕೊಂಡು, 255.255.255.255ಕ್ಕೆ, ಅಂದರೆ ನೆಟ್‌ವರ್ಕಿನ ಎಲ್ಲರಿಗೂ ಕೇಳುವಂತೆ ವಿಳಾಸ ಬೇಡುತ್ತದೆ. ರೂಟರಿನೊಳಗೆ ವಿಳಾಸ ಹಂಚುವ ಡಿಎಚ್‌ಸಿಪಿ ಸರ್ವರ್ ಖಾಲಿ ಇರುವ ಒಂದನ್ನು ತೋರಿಸುತ್ತದೆ. ಫೋನ್ ‘ಅದೇ ಇರಲಿ’ ಎನ್ನುತ್ತದೆ, ರೂಟರ್ ಒಪ್ಪಿಗೆ ಕೊಡುತ್ತದೆ. ಆದರೆ ಇದು ಲೀಸ್ ಮೇಲೆ, ಅಂದರೆ ಇಂತಿಷ್ಟು ಅವಧಿಗೆ ಮಾತ್ರ ಕೊಟ್ಟದ್ದು. ಅವಧಿ 24 ಗಂಟೆಯಾದರೆ, 12 ಗಂಟೆ ಕಳೆದಾಗ ಯಂತ್ರವೇ ನವೀಕರಣ ಕೇಳುತ್ತದೆ. ಅವಧಿ ಮುಗಿಯುವವರೆಗೂ ಆಫ್ ಆಗಿಯೇ ಇದ್ದರೆ ಆ ವಿಳಾಸ ಬೇರೆಯವರ ಪಾಲಾಗಬಹುದು.

ಸರಿಪಡಿಸಲು ಮೊದಲು ವಿಂಡೋಸ್ ಕಮಾಂಡ್ ಪ್ರಾಂಪ್ಟಿನಲ್ಲಿ ‘ಐಪಿಕಾನ್ಫಿಗ್’ (ipconfig) ಕೊಟ್ಟು ‘ಡೀಫಾಲ್ಟ್ ಗೇಟ್‌ವೇ’ ಸಾಲು ನೋಡಿ. ಸಾಮಾನ್ಯವಾಗಿ ಅದು 192.168.1.1 ಇರುತ್ತದೆ. ಅದನ್ನು ಬ್ರೌಸರಿನಲ್ಲಿ ಹಾಕಿದರೆ ರೂಟರಿನ ಪುಟ ತೆರೆಯುತ್ತದೆ. ಪಾಸ್‌ವರ್ಡ್ ಬಹುತೇಕ ರೂಟರಿನ ತಳದ ಚೀಟಿಯಲ್ಲಿರುತ್ತದೆ. ಡಿಎಚ್‌ಸಿಪಿ ವಿಭಾಗದಲ್ಲಿ ಹಂಚುವ ವ್ಯಾಪ್ತಿಯನ್ನು 192.168.1.100ರಿಂದ 199ರವರೆಗೆ ಇಡಿ. 100 ಯಂತ್ರಗಳಿಗೆ ಸಾಕು.

ಮುಖ್ಯ ಕೆಲಸ ಮುಂದಿನದು. ಅಲ್ಲೇ ‘ಅಡ್ರೆಸ್ ರಿಸರ್ವೇಷನ್’ ತೆರೆದು ಪ್ರಿಂಟರಿನ ಮ್ಯಾಕ್ ಸಂಖ್ಯೆಗೆ (ನೆಟ್‌ವರ್ಕ್ ಯಂತ್ರಾಂಶದ ಗುರುತಿನ ಸಂಖ್ಯೆ) 192.168.1.20 ಬರೆಯಿರಿ. ಕೆಲವು ರೂಟರ್‌ಗಳು ವ್ಯಾಪ್ತಿಯೊಳಗಿನ ವಿಳಾಸವೇ ಬೇಕೆಂದು ಹಟ ಹಿಡಿಯುತ್ತವೆ, ಹಾಗಿದ್ದರೆ 192.168.1.190 ಕೊಡಿ. ಒಂದೇ ಪ್ರಿಂಟರಿನ ವೈಫೈಗೂ ಕೇಬಲ್ಲಿಗೂ ಮ್ಯಾಕ್ ಬೇರೆ ಬೇರೆ. ಬಳಸುವುದು ಯಾವುದೋ ಅದನ್ನೇ ಹಾಕಿ. ನಂತರ ಕಂಪ್ಯೂಟರಿನಲ್ಲೂ ಪ್ರಿಂಟರನ್ನು ಈ ವಿಳಾಸಕ್ಕೆ ಸೇರಿಸಿ. ಪ್ರಿಂಟರಿನಲ್ಲೇ ವಿಳಾಸ ಬರೆದಿಡುವವರೂ ಇದ್ದಾರೆ. ನಾವು ಆ ಸಲಹೆ ಕೊಡುವುದಿಲ್ಲ. ನಾಳೆ ರೂಟರ್ ಬದಲಾಗಿ ವಿಳಾಸ 192.168.29ರಿಂದ ಶುರುವಾದರೆ ಆ ಪ್ರಿಂಟರ್ ಯಾರಿಗೂ ಸಿಗದೆ ಉಳಿಯುತ್ತದೆ.

ಯಂತ್ರದ ವಿಳಾಸ 169.254ರಿಂದ ಶುರುವಾಗಿದ್ದರೆ ಡಿಎಚ್‌ಸಿಪಿ ಉತ್ತರವೇ ಬಂದಿಲ್ಲ ಎಂದರ್ಥ. ಕರೆಂಟು ಬಂದಾಗ ಪ್ರಿಂಟರ್ ಬೇಗ ಏಳುತ್ತದೆ, ರೂಟರಿಗೆ ಒಂದೆರಡು ನಿಮಿಷ ಹಿಡಿಯುತ್ತದೆ. ರೂಟರ್ ಸಿದ್ಧವಾದ ಮೇಲೆ ಪ್ರಿಂಟರ್ ಆಫ್ ಮಾಡಿ ಆನ್ ಮಾಡಿ. ರೂಟರಿಗೂ ಫೈಬರ್ ಪೆಟ್ಟಿಗೆಗೂ ಚಿಕ್ಕ ಯುಪಿಎಸ್ ಹಾಕಿದರೆ ಈ ಕಾಟವೇ ಇಲ್ಲ. ಕೊಳ್ಳುವ ಮುನ್ನ ಅಡಾಪ್ಟರ್ ಮೇಲಿನ ವೋಲ್ಟ್, ಆಂಪಿಯರ್ ಎರಡನ್ನೂ ನೋಡಿಕೊಳ್ಳಿ.

ಹೋಂಸ್ಟೇಯಲ್ಲಿ ದಿನವೂ ಹೊಸ ಫೋನ್‌ಗಳು ಬರುವುದರಿಂದ ಲೀಸ್ 2 ಗಂಟೆ ಸಾಕು. ಹೋದವರ ವಿಳಾಸಗಳು ಬೇಗ ಬೇರೆಯವರಿಗೆ ಸಿಗುವಂತಾಗುತ್ತವೆ.

ಹಳೇ ಮನೆಯ ದಪ್ಪ ಜಂಬಿಟ್ಟಿಗೆ ಗೋಡೆ ದಾಟಿ ಹಿಂಬದಿಗೆ ವೈಫೈ ಹೋಗುವುದಿಲ್ಲವೆಂದು ಹಳೆಯ ರೂಟರ್ ಜೋಡಿಸುವವರು ತುಂಬ. ಹಾಗೇ ಜೋಡಿಸಿದರೆ ಇಬ್ಬರೂ ವಿಳಾಸ ಹಂಚುತ್ತಾರೆ, ಮೊದಲು ಉತ್ತರಿಸಿದವರದ್ದೇ ಫೋನಿಗೆ ಸಿಗುತ್ತದೆ. ಹಾಗಾಗಿ ಕೆಲವರಿಗೆ ಇಂಟರ್‌ನೆಟ್ ಬರುತ್ತದೆ, ಪಕ್ಕದಲ್ಲೇ ಕೂತವರಿಗೆ ಬರುವುದಿಲ್ಲ. ಎರಡನೆಯದನ್ನು ಜೋಡಿಸುವ ಮೊದಲೇ ಅದರ ಡಿಎಚ್‌ಸಿಪಿ ಆಫ್ ಮಾಡಿ, ಅದಕ್ಕೆ 192.168.1.2 ಕೊಡಿ, ಕೇಬಲ್ಲನ್ನು ಹೊರಗಿನ ಇಂಟರ್‌ನೆಟ್ಟಿಗಿರುವ ವ್ಯಾನ್ (WAN) ಪೋರ್ಟ್ ಬಿಟ್ಟು ಒಳಗಿನ ಯಂತ್ರಗಳಿಗಿರುವ ಲ್ಯಾನ್ (LAN) ಪೋರ್ಟಿಗೆ ಹಾಕಿ.