ಪೇಂಟ್ ಹೊಡೆಯುವ ಕಪಾಟಿಗೆ ಯಾವ ಮರ? ನನ್ನ ಅನುಭವ

ತೇಗ ಬಾಳಿಕೆ ಬರುವ ಮರ, ನೋಡುವುದಕ್ಕೂ ಚೆಂದ. ಎರಡಕ್ಕೂ ಸೇರಿಸಿಯೇ ನಾವು ದುಡ್ಡು ಕೊಡುತ್ತೇವೆ. ಅದರ ಮೇಲೆ ಬಿಳಿ ಪೇಂಟ್ ಹೊಡೆದರೆ ಚೆಂದಕ್ಕೆ ಕೊಟ್ಟ ದುಡ್ಡು ಸುಮ್ನೆ ಮುಚ್ಚಿಹೋಗುತ್ತದೆ, ಅಲ್ವಾ? ಹಾಗಾಗಿ ಪೇಂಟ್ ಹೊಡೆಯುವ ಸಾಮಾನಿಗೆ ಮರ ಆರಿಸುವಾಗ ನಾನು ಬಣ್ಣವನ್ನೂ ಮರದ ಎಳೆಗಳ ಅಂದವನ್ನೂ ನೋಡುವುದೇ ಇಲ್ಲ. ಹಲಗೆ ನೆಟ್ಟಗಿರಬೇಕು, ಒಣಗಿರಬೇಕು, ಉಜ್ಜಿದರೆ ಮೈ ನುಣ್ಣಗಾಗಬೇಕು.

ಸಿಕ್ಕಿದರೆ ನಾನು ಮೊದಲು ಕೇಳುವುದು ಟ್ಯೂಲಿಪ್ ಪಾಪ್ಲರ್ ಅನ್ನುವ ಅಮೆರಿಕದ ಮರ. ಇದರ ಕೆಚ್ಚಿನಲ್ಲಿ ಹಸಿರು ಛಾಯೆ, ಒಮ್ಮೊಮ್ಮೆ ನೇರಳೆ ಗೆರೆಗಳೂ ಇರುತ್ತವೆ. ಪಾಲಿಶ್ ಮಾಡುವವರಿಗೆ ಅದು ಹಿಡಿಸುವುದಿಲ್ಲ. ನಮಗೆ ಅದೇ ಲಾಭ. ಗಂಟು ಕಡಿಮೆ, ರಂಧ್ರ ಸಣ್ಣ, ಪೇಂಟ್ ಚೆನ್ನಾಗಿ ಕೂರುತ್ತದೆ.

ಅದು ಸಿಗದ ಕಡೆ ರಬ್ಬರ್ ಮರ ಒಳ್ಳೆಯದು. ಹಾಲು ಇಳಿಸಿ ಮುಗಿದ, ಸುಮಾರು 25–30 ವರ್ಷದ ಮರಗಳನ್ನು ಕಡಿದು ಹಲಗೆ ಮಾಡುತ್ತಾರೆ. ಅದಕ್ಕೇ ಅಷ್ಟು ದುಬಾರಿ ಅಲ್ಲ. ಗಟ್ಟಿಯಾಗಿದೆ, ಮೇಜಿನ ಕಾಲಿಗೂ ಆಗುತ್ತದೆ. ಆದರೆ ಹುಳ, ಬೂಷ್ಟು ಬೇಗ ಹಿಡಿಯುವ ಮರ. ಬೋರಾನ್ ಔಷಧಿ ಕೊಟ್ಟು ಒಣಗಿಸಿದ್ದೇ ಅಂತ ಕೇಳಿಯೇ ತೆಗೆದುಕೊಳ್ಳಿ, ನೀರು ಬೀಳುವ ಕಡೆ ಇಡಬೇಡಿ. ಚಿಕ್ಕ ತುಂಡುಗಳನ್ನು ಬೆರಳು ಬೆಸೆದ ಹಾಗೆ ಜೋಡಿಸಿದ ಹಲಗೆಯಾದರೆ ಇನ್ನೊಂದು ಮಾತು: ಕಾಲಕ್ಕೆ ತಕ್ಕಂತೆ ಮರ ಹಿಗ್ಗಿ ಕುಗ್ಗಿದಾಗ ಆ ಬೆಸುಗೆಯ ಗೆರೆ ಪೇಂಟ್ ಮೇಲೂ ಸಣ್ಣಗೆ ಕಾಣಬಹುದು. ಹೊಳೆಯುವ ಪೇಂಟ್‌ನಲ್ಲಿ ಜಾಸ್ತಿ, ಮ್ಯಾಟ್‌ನಲ್ಲಿ ಕಡಿಮೆ.

ಇನ್ನು ಪೈನ್. ಹಲವರು ಅಗ್ಗ ಅಂತ ಮೊದಲು ಕೈ ಹಾಕುವುದು ಇದಕ್ಕೇ. ನಾನೂ ಬಳಸುತ್ತೇನೆ, ಆದರೆ ಗಂಟು ನೋಡಿ. ಸುತ್ತಲೂ ಕಪ್ಪು ಉಂಗುರ ಇರುವ ಗಂಟು ಸತ್ತ ಗಂಟು. ಹೆಬ್ಬೆರಳಿನಿಂದ ಒತ್ತಿದರೆ ಕೆಲವು ಅಲುಗಾಡುತ್ತವೆ, ಮುಂದೆ ಉದುರಿಯೂ ಹೋಗುತ್ತವೆ. ಮರಕ್ಕೆ ಕಚ್ಚಿಕೊಂಡ ಕೆಂಪು ಗಂಟು ಉದುರುವುದಿಲ್ಲ, ಆದರೆ ಅದರೊಳಗೆ ಮರದ ರಾಳದ ಅಂಟು ಇರುತ್ತದೆ. ಬಿಳಿ ಪೇಂಟ್ ಒಣಗಿ ಕೆಲವು ತಿಂಗಳಾದ ಮೇಲೆ ಅಲ್ಲೊಂದು ಹಳದಿ ಕಲೆ ಏಳುತ್ತದೆ. ಮೇಲೆ ಎಷ್ಟು ಕೋಟ್ ಹೊಡೆದರೂ ಮತ್ತೆ ಬರುತ್ತದೆ. ಇದಕ್ಕೆ ಅರಗಿನ ಪ್ರೈಮರ್, ಅಂದರೆ ಶೆಲ್ಯಾಕ್ ಪ್ರೈಮರ್, ಬೇಕೇ ಬೇಕು. ನೀರಿನ ಪ್ರೈಮರ್ ನಂಬಿ ಕೂರಬೇಡಿ. ಗಂಟಿಗೆ ಎರಡು ಸಲ, ಆಮೇಲೆ ಇಡೀ ಹಲಗೆಗೆ ಒಂದು ಸಲ ಹಚ್ಚುತ್ತೇನೆ.

ಓಕ್, ಆಶ್ ಕಡಿಮೆ ಬೆಲೆಗೆ ಬಂದರೂ ನಾನು ಬಿಡುತ್ತೇನೆ. ರಂಧ್ರ ದೊಡ್ಡವು. ಪುಟ್ಟಿ ತುಂಬಿ ಉಜ್ಜುವ ಕೆಲಸಕ್ಕೆ ಕೊನೆಯೇ ಇರುವುದಿಲ್ಲ.

ಹಲಗೆ ಆರಿಸುವಾಗ ಒಂದು ತುದಿಯನ್ನು ಕಣ್ಣಿನ ಹತ್ತಿರ ಹಿಡಿದು ಅಂಚಿನ ಉದ್ದಕ್ಕೂ ನೋಡಿ. ಬಿಲ್ಲಿನಂತೆ ಸ್ವಲ್ಪ ಬಾಗಿದ್ದರೆ ಚಿಕ್ಕ ತುಂಡುಗಳಿಗೆ ನಡೆಯುತ್ತದೆ. ತಿರುಚಿಕೊಂಡಿದ್ದರೆ ಬೇಡವೇ ಬೇಡ, ಅದನ್ನು ತೋಪಡ ಹೊಡೆದು ನೆಟ್ಟಗೆ ಮಾಡುವಷ್ಟರಲ್ಲಿ ಅರ್ಧ ದಪ್ಪ ಹೋಗಿರುತ್ತದೆ. ಹಲಗೆಯ ತುದಿಯ ಕೊಯ್ದ ಮುಖವನ್ನೂ ನೋಡಿ. ಮರದ ನಡುತಿರುಳು ಕಂಡರೆ ಆ ಹಲಗೆ ಮುಂದೆ ಸೀಳುವುದೇ ಜಾಸ್ತಿ. ಒಂದೇ ಅಳತೆಯ ಎರಡು ಪೈನ್ ಹಲಗೆಗಳಲ್ಲಿ ಒಂದು ತುಂಬಾ ಭಾರ, ಮುಟ್ಟಿದರೆ ತಣ್ಣಗಿದೆ ಅಂದರೆ ಅದು ಹಸಿ ಇರಬಹುದು. ತೇವ ಅಳೆಯುವ ಮೀಟರ್ ಇದ್ದರೆ ಮನೆಯೊಳಗಿನ ಸಾಮಾನಿಗೆ ಶೇಕಡಾ 8ರಿಂದ 12 ಇರುವುದನ್ನು ಆರಿಸಿ. ತಂದ ಮೇಲೂ ನಾನು ತಕ್ಷಣ ಕೊಯ್ಯುವುದಿಲ್ಲ. ನಡುವೆ ರೀಪು ಇಟ್ಟು, ಗಾಳಿ ಆಡುವಂತೆ ಪೇರಿಸಿ, ಒಂದೆರಡು ವಾರ ಬಿಡುತ್ತೇನೆ.

ಅಗಲದ ಬಾಗಿಲಿಗೆ, ಕಪಾಟಿನ ಪಕ್ಕದ ಹಲಗೆಗೆ ಎಂಡಿಎಫ್ (ಮರದ ನಾರನ್ನು ಅಂಟು ಬೆರೆಸಿ ಒತ್ತಿ ಮಾಡಿದ ಹಲಗೆ) ಹಾಕುವುದಕ್ಕೆ ನನಗೆ ಯಾವ ಸಂಕೋಚವೂ ಇಲ್ಲ. ಹಿಗ್ಗುವುದು ಕುಗ್ಗುವುದು ಬಹಳ ಕಡಿಮೆ, ಮೈ ಮೊದಲೇ ನುಣ್ಣಗಿರುತ್ತದೆ. ಕೊಯ್ದ ಅಂಚು ಮಾತ್ರ ಪೇಂಟನ್ನು ಹೀರುತ್ತಲೇ ಇರುತ್ತದೆ, ಅಲ್ಲಿಗೆ ಮೊದಲು ಪುಟ್ಟಿ ಅಥವಾ ಸೀಲರ್ ಹಚ್ಚಿ 220 ನಂಬರಿನ ಸ್ಯಾಂಡ್ ಪೇಪರ್‌ನಲ್ಲಿ ಉಜ್ಜಬೇಕು. ಉದ್ದದ ಶೆಲ್ಫಿಗೆ ಇದು ಬೇಡ, ಪುಸ್ತಕದ ಭಾರಕ್ಕೆ ನಡುವೆ ಜೋತುಬೀಳುತ್ತದೆ. ಶೆಲ್ಫಿಗೆ ಪ್ಲೈವುಡ್, ಮುಂದಿನ ಅಂಚಿಗೆ ಗಟ್ಟಿ ಮರದ ಪಟ್ಟಿ. ಚೌಕಟ್ಟಿಗೆ, ಕಾಲಿಗೆ ಪಾಪ್ಲರ್ ಅಥವಾ ರಬ್ಬರ್ ಮರ. ಹೀಗೆ ಬೆರೆಸಿ ಮಾಡಿದರೆ ಪೇಂಟ್ ಆದ ಮೇಲೆ ಯಾವುದು ಎಲ್ಲಿದೆ ಅಂತ ಗೊತ್ತೇ ಆಗುವುದಿಲ್ಲ.

ಬಾಗಿಲಿನ ನಡುಹಲಗೆಯೂ ಎಂಡಿಎಫ್ ಅಲ್ಲ, ಮರದ್ದೇ ಆಗಬೇಕು ಅನ್ನುವವರು ಅದನ್ನು ಚೌಕಟ್ಟಿನ ತೋಡಿನಲ್ಲಿ ಅಂಟಿಲ್ಲದೆ ಸಡಿಲವಾಗಿ ಕೂರಿಸಿ, ಜೋಡಿಸುವ ಮೊದಲೇ ಪೂರ್ತಿ ಪೇಂಟ್ ಮಾಡಿ. ಇಲ್ಲದಿದ್ದರೆ ಒಣಹವೆಯಲ್ಲಿ ಹಲಗೆ ಕುಗ್ಗಿ, ಅಂಚಿನಲ್ಲಿ ಪೇಂಟ್ ಇಲ್ಲದ ಮರದ ಗೆರೆ ಇಣುಕುತ್ತದೆ.

ಬೆಲೆ ಕೂಡಿಸುವಾಗ ಅಡಿಯ ಲೆಕ್ಕ ಒಂದನ್ನೇ ಹಿಡಿಯಬೇಡಿ. ಗಂಟಿನ ಪೈನ್ 20 ಅಡಿ ತಂದು, ಗಂಟು ಬಿಟ್ಟು ಕೊಯ್ದಾಗ 12 ಅಡಿ ಉಳಿದರೆ ಆ 12 ಅಡಿಗೇ ಪೂರ್ತಿ ದುಡ್ಡು ಬಿತ್ತು. ಅರಗಿನ ಪ್ರೈಮರಿನ ಖರ್ಚನ್ನೂ ಸೇರಿಸಿ. ಎಷ್ಟೋ ಸಲ ಗಂಟಿಲ್ಲದ ಪಾಪ್ಲರ್ ಅದಕ್ಕಿಂತ ಕಡಿಮೆಗೇ ಬರುತ್ತದೆ. ಚಿಕ್ಕ ಡ್ರಾಯರ್‌ಗಳೇ ಜಾಸ್ತಿ ಇರುವ ಕೆಲಸವಾದರೆ ಮಾತ್ರ ಪೈನ್ ಗೆಲ್ಲುತ್ತದೆ, ಗಂಟು ಗಂಟಿನ ನಡುವೆ ಸಿಗುವ ತುಂಡುಗಳೇ ಅದಕ್ಕೆ ಸಾಕು.