ದೆಹಲಿಯ ಚಳಿಗಾಲದಲ್ಲಿ ಪಿಕ್‌ನಿಕ್: ಜಮಖಾನ ಎಲ್ಲಿ ಹಾಸಬೇಕು?

ದೆಹಲಿಗೆ ಹೊಸದಾಗಿ ಬಂದ ಕನ್ನಡದ ಕುಟುಂಬಗಳು ಜನವರಿಯ ಭಾನುವಾರ ಬುತ್ತಿ ಕಟ್ಟಿಕೊಂಡು ಲೋಧಿ ಉದ್ಯಾನಕ್ಕೆ ಹೋಗಿ, ಮುಕ್ಕಾಲು ಗಂಟೆಯೊಳಗೆ ಮೂಗು ಒರೆಸಿಕೊಳ್ಳುತ್ತ ಎದ್ದು ಬರುವುದನ್ನು ನಾನು ಎಷ್ಟೋ ಸಲ ನೋಡಿದ್ದೇನೆ. ತಪ್ಪು ಪ್ರತಿ ಸಲವೂ ಒಂದೇ. ಬೆಂಗಳೂರಿನ ಅಭ್ಯಾಸದಂತೆ ಅವರು ದಟ್ಟ ನೆರಳಿನ ಮರವೊಂದನ್ನು ಹುಡುಕಿ ಅದರ ಬುಡದಲ್ಲಿ ಕೂರುತ್ತಾರೆ. ದೆಹಲಿಯವರು ಚಳಿಗಾಲದಲ್ಲಿ ಉದ್ಯಾನಕ್ಕೆ ಹೋಗುವುದೇ ಬಿಸಿಲು ಕಾಯಿಸಲು. ಊಟ, ಹರಟೆ, ನಿದ್ದೆ ಎಲ್ಲವೂ ಆಮೇಲಿನ ಮಾತು. ಆದ್ದರಿಂದ ಈ ಲೇಖನದ ಹೆಚ್ಚಿನ ಭಾಗ ಕೂರುವ ಜಾಗದ ಬಗ್ಗೆಯೇ ಇದೆ.

ದಿನ ಮತ್ತು ಹೊತ್ತು

ಡಿಸೆಂಬರ್ ಕೊನೆಯಿಂದ ಜನವರಿ ಮಧ್ಯದವರೆಗೆ ಮಂಜು ಮುಸುಕಿ ದಿನವಿಡೀ ಸೂರ್ಯ ಕಾಣದಿರುವುದೂ ಉಂಟು. ಹನ್ನೊಂದು ಗಂಟೆಯಾದರೂ ಮನೆಯ ಮುಂದೆ ನಿಮ್ಮ ನೆರಳು ಸ್ಪಷ್ಟವಾಗಿ ಬೀಳದಿದ್ದರೆ ಅಂದು ಹೊರಡಬೇಡಿ. ಗಾಳಿಯ ಗುಣಮಟ್ಟದ ಸೂಚ್ಯಂಕ 200 ದಾಟಿದ ದಿನವೂ ಬೇಡ. ಆ ಗಾಳಿಯಲ್ಲಿ ಮಕ್ಕಳನ್ನು ಮೂರು ಗಂಟೆ ಓಡಾಡಿಸುವುದಕ್ಕಿಂತ ಮನೆಯ ಬಾಲ್ಕನಿಯೇ ವಾಸಿ. ಮಳೆ ಬಿದ್ದ ಮರುದಿನ ಸಾಮಾನ್ಯವಾಗಿ ಒಳ್ಳೆಯ ದಿನ. ನನ್ನನ್ನು ಕೇಳಿದರೆ ಹೂಗಳು ಅರಳಿರುವ ಫೆಬ್ರುವರಿಯ ಎರಡನೇ ವಾರಕ್ಕೆ ಸಮನಾದ ಕಾಲ ವರ್ಷದಲ್ಲಿ ಇನ್ನೊಂದಿಲ್ಲ. ಹನ್ನೊಂದೂವರೆಗೆ ಹಾಸಬೇಕು, ಮೂರೂವರೆಗೆ ಮಡಚಬೇಕು.

ಉದ್ಯಾನ

ಮೊದಲ ಸಲಕ್ಕೆ ಲೋಧಿ ಉದ್ಯಾನವೇ ಸರಿ. ಒಳಗೆ ಹೋಗಲು ಹಣ ಕೊಡಬೇಕಿಲ್ಲ, ಹುಲ್ಲುಹಾಸು ವಿಶಾಲವಾಗಿದೆ, ಹಳದಿ ಮಾರ್ಗದ ಜೋರ್‌ಬಾಗ್ ಮೆಟ್ರೊ ನಿಲ್ದಾಣದಿಂದ ನಡೆದೇ ಹೋಗಬಹುದು. ಭಾನುವಾರ ಕಾರು ತೆಗೆದುಕೊಂಡು ಹೋದವರು ಬಿಸಿಲಿನ ಅರ್ಧ ಪಾಲನ್ನು ಪಾರ್ಕಿಂಗ್ ಹುಡುಕುವುದರಲ್ಲೇ ಕಳೆಯುತ್ತಾರೆ. ಲೋಧಿ ಎಸ್ಟೇಟಿನ ದೆಹಲಿ ಕನ್ನಡ ಶಾಲೆಯೂ ಇದೇ ಆಸುಪಾಸಿನಲ್ಲಿರುವುದರಿಂದ ಹಳೆಯ ದೆಹಲಿ ಕನ್ನಡಿಗರಿಗೆ ಈ ದಾರಿ ಹೊಸದಲ್ಲ. 2018ರಲ್ಲಿ ಸಾರ್ವಜನಿಕರಿಗೆ ತೆರೆದ ಸುಂದರ್ ನರ್ಸರಿ ಇದಕ್ಕಿಂತ ಅಚ್ಚುಕಟ್ಟಾಗಿದೆ, ಆದರೆ ಅಲ್ಲಿ ಟಿಕೆಟ್ ಇದೆ, ಭಾನುವಾರ ಜಾತ್ರೆಯಷ್ಟು ಜನರಿರುತ್ತಾರೆ. ಅಲ್ಲಿಗೆ ವಾರದ ನಡುವೆ ಹೋಗಿ. ಅದರ ಪಕ್ಕದ ಹುಮಾಯೂನ್ ಸಮಾಧಿಯ ಆವರಣದಲ್ಲಿ ಬುತ್ತಿ ಬಿಚ್ಚಬಹುದೆಂದು ಭಾವಿಸಿ ಟಿಕೆಟ್ ಕೊಳ್ಳಬೇಡಿ. ಸಂರಕ್ಷಿತ ಸ್ಮಾರಕದೊಳಗೆ ತಿನ್ನಲು ಬಿಡುವುದಿಲ್ಲ.

ಜಾಗ ಹಿಡಿಯುವುದು

ಎಲ್ಲರೂ ಎಡವುವುದು ಇಲ್ಲಿಯೇ. ಡಿಸೆಂಬರ್ ಕೊನೆಯ ನಡುಹಗಲಿನಲ್ಲಿ ಬೆಂಗಳೂರಿನ ಮರದ ನೆರಳು ಆ ಮರದ ಎತ್ತರಕ್ಕಿಂತ ಗಿಡ್ಡವಾಗಿರುತ್ತದೆ. ಅದೇ ಹೊತ್ತಿನಲ್ಲಿ ದೆಹಲಿಯ ಸೂರ್ಯ ದಕ್ಷಿಣದ ಆಕಾಶದಲ್ಲಿ ಬಹಳ ಕೆಳಗೆ, ಸುಮಾರು 38 ಡಿಗ್ರಿಯಷ್ಟೇ ಎತ್ತರದಲ್ಲಿರುವುದರಿಂದ ಮರದ ನೆರಳು ಅದರ ಎತ್ತರದ ಒಂದೂಕಾಲು ಪಟ್ಟು ಉದ್ದವಾಗಿ ಉತ್ತರಕ್ಕೆ ಬೀಳುತ್ತದೆ. ಮಧ್ಯಾಹ್ನ ಮೂರೂವರೆಯ ವೇಳೆಗೆ ಅದು ಎರಡೂವರೆ ಪಟ್ಟಾಗಿ ಈಶಾನ್ಯಕ್ಕೆ ಚಾಚಿಕೊಳ್ಳುತ್ತದೆ. ಹದಿನೈದು ಮೀಟರ್ ಎತ್ತರದ ಮರವೆಂದರೆ ಮೂವತ್ತೇಳು ಮೀಟರ್ ನೆರಳು. ಹನ್ನೆರಡು ಗಂಟೆಗೆ ಚೆನ್ನಾಗಿ ಬಿಸಿಲು ಬಿದ್ದಿದ್ದ ಜಾಗ ಊಟ ಮುಗಿಯುವಷ್ಟರಲ್ಲಿ ತಣ್ಣಗಾಗುವುದು ಇದರಿಂದಲೇ. ಹೀಗಾದಾಗ ಜನ ತಟ್ಟೆ, ಮಕ್ಕಳು, ಚೀಲಗಳನ್ನೆಲ್ಲ ಎತ್ತಿಕೊಂಡು ಬಿಸಿಲಿನ ಹಿಂದೆ ಹೊರಡುತ್ತಾರೆ, ಆ ಹೊತ್ತಿಗೆ ಒಳ್ಳೆಯ ಜಾಗಗಳೆಲ್ಲ ಭರ್ತಿಯಾಗಿರುತ್ತವೆ.

ಆದ್ದರಿಂದ ಮಾಡಬೇಕಾದದ್ದು ಇಷ್ಟು. ಹುಲ್ಲುಹಾಸಿಗೆ ಬಂದ ಕೂಡಲೇ ಚೀಲ ಇಳಿಸದೆ, ಸೂರ್ಯನಿಗೆ ಮುಖ ಮಾಡಿ ನಿಲ್ಲಿ. ನಡುಹಗಲಿನಲ್ಲಿ ಅದೇ ದಕ್ಷಿಣ. ನಿಮ್ಮ ಬಲಗೈ ಕಡೆಗೆ, ಅಂದರೆ ಪಶ್ಚಿಮಕ್ಕೆ, ಸೂರ್ಯ ಇಳಿಯುತ್ತ ಹೋಗುತ್ತಾನೆ. ಎದುರಿನಿಂದ ಬಲಗೈವರೆಗಿನ ಆ ಕಾಲು ಸುತ್ತಿನಲ್ಲಿ ಐವತ್ತು ಹೆಜ್ಜೆಯೊಳಗೆ ಎತ್ತರದ ಮರವಾಗಲಿ ಗೋಡೆಯಾಗಲಿ ಇರಬಾರದು. ಬೆನ್ನ ಹಿಂದೆ, ಎಡಕ್ಕೆ ಎಷ್ಟು ಮರಗಳಿದ್ದರೂ ಚಿಂತೆಯಿಲ್ಲ. ಇದ್ದರೆ ಇನ್ನೂ ಒಳ್ಳೆಯದು, ಏಕೆಂದರೆ ಇಲ್ಲಿಯ ಕೊರೆಯುವ ಗಾಳಿ ಹೆಚ್ಚಾಗಿ ವಾಯವ್ಯದಿಂದ ಬೀಸುತ್ತದೆ. ಮರದ ಹತ್ತಿರವೇ ಕೂರಬೇಕೆನ್ನುವವರು ಎಲೆ ಉದುರಿಸಿ ನಿಂತ ಬೂರುಗದ ಮರವನ್ನು ನೋಡಿಕೊಳ್ಳಲಿ, ಬೇವನ್ನು ಬಿಡಲಿ. ಚಳಿಗಾಲದಲ್ಲಿಯೂ ಬೇವಿನ ಎಲೆ ಹಾಗೆಯೇ ಇರುತ್ತದೆ.

ಲೋಧಿ ಉದ್ಯಾನದಲ್ಲಿ ಈ ಲೆಕ್ಕ ಕಣ್ಣಿಗೆ ಕಾಣುವಂತಿದೆ. ಬಡಾ ಗುಂಬದ್ ಮತ್ತು ಅದರ ಉತ್ತರಕ್ಕಿರುವ ಶೀಶ್ ಗುಂಬದ್ ಎಂಬ ಹಳೆಯ ಗುಮ್ಮಟದ ಕಟ್ಟಡಗಳು ಎದುರುಬದುರಾಗಿವೆ, ನಡುವೆ ಹುಲ್ಲುಹಾಸಿದೆ. ಬಡಾ ಗುಂಬದ್‌ನ ಮೆಟ್ಟಿಲಿನ ಬಳಿ ಕೂತವರ ಮೇಲೆ ಆ ಕಟ್ಟಡದ ನೆರಳೇ ಬೀಳುತ್ತದೆ. ಅದೇ ಹುಲ್ಲುಹಾಸಿನಲ್ಲಿ ಶೀಶ್ ಗುಂಬದ್ ಕಡೆಯ ತುದಿಗೆ ಹೋದರೆ ದಕ್ಷಿಣದಿಂದ ಬಿಸಿಲು, ಉತ್ತರಕ್ಕೆ ಗಾಳಿ ತಡೆಯುವ ಕಲ್ಲಿನ ಕಟ್ಟಡ. ಆದರೆ ಗೋಡೆಗೆ ಒರಗಬೇಡಿ, ನೀಲಿ ಹೆಂಚಿನ ಚೂರುಗಳು ಅದರ ಮೇಲೆ ಇನ್ನೂ ಉಳಿದಿವೆ. ಒಮ್ಮೆ ನಮ್ಮ ಭಾವನವರು ಬೆಂಗಳೂರಿನಿಂದ ಬಂದಾಗ, ನಾನು ತಡವಾಗಿ ತಲುಪುವಷ್ಟರಲ್ಲಿ ಕೊಳದ ಪಕ್ಕ ಭಾರಿ ಮರದಡಿ ಹಾಸಿ, “ಎಷ್ಟು ಒಳ್ಳೆ ಜಾಗ ಹಿಡಿದಿದೀನಿ ನೋಡಿ, ಒಬ್ಬರೂ ಬಂದಿಲ್ಲ!” ಎಂದರು. ಯಾರೂ ಬಾರದ ಕಾರಣ ಅವರಿಗೆ ಕಾಲು ಗಂಟೆಯಲ್ಲಿ ತಿಳಿಯಿತು. ದೆಹಲಿಯವರು ಎಲ್ಲಿ ಒತ್ತಾಗಿ ಕೂತಿದ್ದಾರೆಂದು ನೋಡಿ ಅವರ ಪಕ್ಕದಲ್ಲೇ ಹಾಸುವುದು ದಿಕ್ಕು ನೋಡಲು ಬಾರದವರಿಗಿರುವ ಸುಲಭೋಪಾಯ.

ದಿಕ್ಕು ಸರಿಯಾದ ಮೇಲೆ ನೆಲ. ಹುಲ್ಲು ಮೇಲೆ ಒಣಗಿದಂತೆ ಕಂಡರೂ ಬುಡದಲ್ಲಿ ಇಬ್ಬನಿ ಇರುತ್ತದೆ, ಇಲ್ಲವೇ ಮಾಲಿ ಬೆಳಿಗ್ಗೆ ನೀರು ಬಿಟ್ಟಿರುತ್ತಾನೆ. ವೃತ್ತಪತ್ರಿಕೆಯ ಹಾಳೆಯೊಂದನ್ನು ಹಾಸಿ ಅದರ ಮೇಲೆ ಒಂದು ನಿಮಿಷ ನಿಂತು ಎತ್ತಿ ನೋಡಿ. ಪಾದದ ಗುರುತು ಒದ್ದೆಯಾಗಿ ಮೂಡಿದ್ದರೆ ನಾಲ್ಕು ಮಾರು ಆಚೆ ಸರಿಯಿರಿ.

ಹಾಸುವುದು

ಕೆಳಗೆ ದಪ್ಪ ಪ್ಲಾಸ್ಟಿಕ್ ಟಾರ್ಪಾಲು, ಮೇಲೆ ಹತ್ತಿಯ ಜಮಖಾನ. ನಮ್ಮಲ್ಲಿರುವುದು ನವಲಗುಂದದ ಜಮಖಾನ, ಮೂವರು ಕಾಲು ಚಾಚಿ ಮಲಗಬಹುದು. ಬರೀ ಜಮಖಾನ ಹಾಸಿದರೆ ಅದು ತೇವ ಹೀರುತ್ತದೆ, ಬರೀ ಟಾರ್ಪಾಲು ಹಾಸಿದರೆ ತಣ್ಣಗೆ ಕೊರೆಯುತ್ತದೆ. ಒಂದು ಕಡೆ ಬೆಳ್ಳಿಬಣ್ಣದ ಹಾಳೆ ಅಂಟಿಸಿದ ತೆಳು ಸ್ಪಂಜಿನ ಚಾಪೆಗಳನ್ನು ಪಿಕ್‌ನಿಕ್ ಚಾಪೆ ಎಂದು ಮಾರುತ್ತಾರೆ, ಅವು ಎರಡನೇ ಸಲಕ್ಕೇ ಮಡಿಕೆಯಲ್ಲಿ ಸೀಳುತ್ತವೆ. ಕೊಳ್ಳಬೇಡಿ.

ಬುತ್ತಿ

ಮೊಸರನ್ನ ಬೇಡವೆಂದರೆ ಬೇಜಾರಾಗುವವರಿದ್ದಾರೆ, ಆದರೂ ಬೇಡ. ಹದಿನೈದು ಡಿಗ್ರಿಯಲ್ಲಿ ಅನ್ನ ಕಾಳುಕಾಳಾಗಿ ಗಟ್ಟಿಯಾಗುತ್ತದೆ. ತೆಂಗಿನೆಣ್ಣೆ 24 ಡಿಗ್ರಿಗಿಂತ ಕೆಳಗೆ ಹೆಪ್ಪುಗಟ್ಟುವುದರಿಂದ ಅದರ ಒಗ್ಗರಣೆ ಬಿದ್ದ ಪಲ್ಯದ ಮೇಲೆ ಬಿಳಿ ಪದರ ಕಟ್ಟುತ್ತದೆ, ತುಪ್ಪದ ಪಾಡೂ ಅದೇ. ಇಲ್ಲಿಯವರು ಒಯ್ಯುವುದು ಮೆಂತ್ಯದ ಅಥವಾ ಆಲೂ ಪರಾಠ ಮತ್ತು ಹೂಕೋಸು, ಕ್ಯಾರೆಟ್ಟಿನ ಸಿಹಿ-ಹುಳಿ ಉಪ್ಪಿನಕಾಯಿ. ಪರಾಠಗಳನ್ನು ಬಟ್ಟೆಯಲ್ಲಿ ಸುತ್ತಿ ಡಬ್ಬಿಗಿಟ್ಟರೆ ಬೆವರದೆ ಮೆತ್ತಗಿರುತ್ತವೆ. ಅದರ ಜೊತೆಗೆ ಕಡಲೆಕಾಯಿ ಎಣ್ಣೆಯಲ್ಲಿ ಕಲಸಿದ ನಮ್ಮ ಶೇಂಗಾ ಚಟ್ನಿಪುಡಿ ನನಗೆ ಉಪ್ಪಿನಕಾಯಿಗಿಂತ ರುಚಿ. ಚಹಾ ತುಂಬುವ ಮೊದಲು ಫ್ಲಾಸ್ಕಿಗೆ ಕುದಿಯುವ ನೀರು ಹಾಕಿ ಐದು ನಿಮಿಷ ಬಿಟ್ಟು ಚೆಲ್ಲಿ.

ಉಳಿದದ್ದನ್ನು ದಾರಿಯಲ್ಲಿ ಕೊಳ್ಳಬೇಕು. ಕಡಲೆಕಾಯಿಯನ್ನು ಇಲ್ಲಿ ಬೇಯಿಸುವುದಿಲ್ಲ, ಮರಳಿನಲ್ಲಿ ಹುರಿಯುತ್ತಾರೆ. ರಾಶಿಯ ಮೇಲೆ ಕೆಂಡದ ಪುಟ್ಟ ಮಡಕೆ ಕೂರಿಸಿಕೊಂಡ ಗಾಡಿಯವನ ಬಳಿ ಕೊಂಡರೆ ಬಿಸಿಯಾಗಿ ಸಿಗುತ್ತದೆ, ಪ್ಯಾಕೆಟ್ಟಿನದು ಮೆತ್ತಗಾಗಿರುತ್ತದೆ. ಎಳ್ಳು-ಬೆಲ್ಲದ ಗಜಕ್ ಮಿಠಾಯಿ, ಕಿನ್ನೋ ಕಿತ್ತಳೆ, ಕೆಂಡದಲ್ಲಿ ಸುಟ್ಟು ನಿಂಬೆರಸ ಹಿಂಡಿದ ಗೆಣಸು. ಗೆಣಸಿನ ಗಾಡಿಯಲ್ಲಿ ಧಾರೆಹುಳಿಯನ್ನೂ ಜೋಡಿಸಿಟ್ಟಿರುತ್ತಾರೆ, ಎರಡು ಹೋಳು ಸೇರಿಸಲು ಹೇಳಿ. ಹದ್ದುಗಳ ಮೇಲೆ ಒಂದು ಕಣ್ಣಿರಲಿ, ಕೈಯೆತ್ತಿ ಹಿಡಿದ ಪರಾಠವನ್ನು ಅವು ಹಾರುತ್ತಲೇ ಕಿತ್ತೊಯ್ಯುತ್ತವೆ.

ಕೂತ ಮೇಲೆ

ಸೂರ್ಯನಿಗೆ ಬೆನ್ನು ಕೊಟ್ಟು ಕೂತು ಸ್ವೆಟರುಗಳನ್ನು ಒಂದೊಂದಾಗಿ ಬಿಚ್ಚಿ, ಕಾಲುಚೀಲ ಮಾತ್ರ ಇರಲಿ.

ಎದ್ದು ಹೊರಡುವುದು

ನಾಲ್ಕು ಗಂಟೆಗೆ ಬಿಸಿಲಿನ ಶಾಖ ಇಳಿಯುತ್ತದೆ, ಡಿಸೆಂಬರ್ ಕೊನೆಯಲ್ಲಿ ಐದೂವರೆಗೆ ಸೂರ್ಯಾಸ್ತ. ಮೊದಲಿಗೆ ಕಡಲೆಕಾಯಿ ಸಿಪ್ಪೆ. ಆರಂಭದಲ್ಲಿಯೇ ವೃತ್ತಪತ್ರಿಕೆ ಹರಡಿ ಅದರ ಮೇಲೆ ಸುಲಿದಿದ್ದರೆ ನಾಲ್ಕು ಮೂಲೆ ಹಿಡಿದು ಗಂಟು ಕಟ್ಟಿದರೆ ಮುಗಿಯಿತು. ಹುಲ್ಲಿಗೆ ಬಿದ್ದ ಸಿಪ್ಪೆಯನ್ನು ಆರಿಸಲಾಗುವುದಿಲ್ಲ, ಈ ಒಂದು ವಿಷಯದಲ್ಲಿ ದೆಹಲಿಯವರನ್ನು ಅನುಕರಿಸಬೇಡಿ. ಆಮೇಲೆ ಗಾಳಿ ಬರುವ ಕಡೆಗೆ ಬೆನ್ನು ಮಾಡಿ, ಆಚೆ ಯಾರೂ ಕೂತಿಲ್ಲವೆಂದು ನೋಡಿಕೊಂಡು ಜಮಖಾನ ಕೊಡವಿ, ಟಾರ್ಪಾಲಿನ ಒದ್ದೆ ಮಗ್ಗುಲನ್ನು ಒಳಕ್ಕೆ ಮಡಚಿ, ಎರಡನ್ನೂ ಬೇರೆ ಬೇರೆ ಚೀಲಕ್ಕೆ ಹಾಕಿ.