ಎಂಎಂಎ ಶುರು ಮಾಡೋರಿಗೆ: ಮೊದಲು ಟ್ಯಾಪ್ ಮಾಡೋದು ಕಲಿಯಿರಿ

ಮುಂಬಯಿಯ ಮಾಟುಂಗದಲ್ಲಿ ಮಾವನ ಹೋಟೆಲಿನ ಗಲ್ಲಾದಲ್ಲಿ ಕೂರುವವನು ನಾನು. ಬೆಳಿಗ್ಗೆ 6ರಿಂದ ಮಧ್ಯಾಹ್ನ 3ರ ತನಕ ಬಿಲ್ಲು, ಚಿಲ್ಲರೆ. ಸಂಜೆ ಎಂಎಂಎ ಕ್ಲಾಸು; ಮಿಕ್ಸೆಡ್ ಮಾರ್ಷಲ್ ಆರ್ಟ್ಸ್, ಅಂದರೆ ಹೊಡೆತ, ಕುಸ್ತಿ, ನೆಲದ ಹಿಡಿತ ಎಲ್ಲ ಬೆರೆತ ಆಟ. ನಾಲ್ಕು ವರ್ಷವಾಯಿತು. ಊರಿನಿಂದ ಬಂದ ಹುಡುಗರು ಹಿಡಿತದ ಉಜ್ಜಾಟಕ್ಕೆ ಮುದುಡಿದ ನನ್ನ ಎಡಗಿವಿ ನೋಡಿ, "ಅಣ್ಣ, ನಾವೂ ಸೇರ್ಬೇಕು" ಅನ್ನುತ್ತಾರೆ. 2024ರ ಜೂನ್‌ನಲ್ಲಿ ನಮ್ಮ ದೇಶದ ಪೂಜಾ ತೋಮರ್ ಅಮೆರಿಕದ ದೊಡ್ಡ ಎಂಎಂಎ ಪಂದ್ಯಾವಳಿಯಾದ ಯುಎಫ್‌ಸಿಯಲ್ಲಿ ಗೆದ್ದ ಮೇಲಂತೂ ಕೇಳುವವರು ಜಾಸ್ತಿ. ಆಕೆ ಅದಕ್ಕೂ ಮೊದಲು ವರ್ಷಗಟ್ಟಲೆ ವುಶು ಅನ್ನೋ ಚೀನೀ ಸಮರಕಲೆ ಆಡಿದವರು ಅನ್ನೋದು ಮಾತ್ರ ಯಾರಿಗೂ ನೆನಪಿರಲ್ಲ.

ಜಿಮ್ ಹುಡುಕುವಾಗ ಗೋಡೆಯ ಮೇಲಿನ ಫೋಟೋ ನೋಡಬೇಡಿ. ಒಂದು ಸಂಜೆ ಹೋಗಿ ಮೂಲೆಯಲ್ಲಿ ಕೂತು ಕ್ಲಾಸ್ ನೋಡಿ. ಹಳಬರು ಹೊಸಬರನ್ನು ಹೇಗೆ ಹಿಡಿಯುತ್ತಾರೆ? ಕ್ಲಾಸ್ ಮುಗಿದ ಮೇಲೆ ಮ್ಯಾಟ್ ಒರೆಸುತ್ತಾರಾ? ನಾನು ಮೊದಲು ಸೇರಿದ ಜಾಗದಲ್ಲಿ ಎರಡನೇ ವಾರಕ್ಕೇ ಗ್ಲೌಸ್ ಹಾಕಿಸಿ, ಜೊತೆಗಾರನ ಜೊತೆ ಹೊಡೆದಾಡುವ ಸ್ಪಾರಿಂಗ್‌ಗೆ ಬಿಟ್ಟರು. ಮೂಗು ಒಡೆಯಿತು, ಕಲಿತದ್ದು ಸೊನ್ನೆ. ಮೊದಲ ತಿಂಗಳೇ ಹೊಡೆದಾಟಕ್ಕೆ ಬಿಡುವ ಕೋಚ್ ಸಿಕ್ಕರೆ ನಮಸ್ಕಾರ ಹೇಳಿ ಬನ್ನಿ.

ವಾರಕ್ಕೆ ಮೂರು ದಿನ ಸಾಕು. ನಿಂತು ಹೊಡೆಯೋದಕ್ಕೆ ಬಾಕ್ಸಿಂಗ್, ಮುವಾಯ್ ಥಾಯ್; ಕೆಡವೋದಕ್ಕೆ ಕುಸ್ತಿ; ನೆಲದ ಮೇಲೆ ಜಿಯು-ಜಿಟ್ಸು. ಎಲ್ಲರಿಗೂ ಹೊಡೆಯೋದೇ ಇಷ್ಟ. ಆದರೆ ಹೊಸಬರು ಸೋಲೋದು ನೆಲದ ಮೇಲೆ. ಅಲ್ಲಿ ಮೊದಲು ಕಲಿಸುವ ಚಲನೆಯ ಹೆಸರೇ ಶ್ರಿಂಪ್. ಕೆಳಗೆ ಬಿದ್ದವನು ಪಾದ ಊರಿ, ಸೊಂಟ ಎತ್ತಿ, ಪಕ್ಕಕ್ಕೆ ಸರಿದು ಮುದುಡಬೇಕು. ಬಾಣಲೆಗೆ ಬಿದ್ದ ಸಿಗಡಿ ಹೇಗೆ ಮುದುಡುತ್ತದೋ ಹಾಗೇ. ಕರಾವಳಿಯವರಿಗೆ ಇದನ್ನು ಬಿಡಿಸಿ ಹೇಳಬೇಕಾ? ಒಂದು ಕ್ಲಾಸಿಗೆ ನೂರು ಸಲ ಮಾಡಿ, ಬೇಜಾರಾದರೂ ಮಾಡಿ. ಊರಲ್ಲಿ ಗರಡಿಗೆ ಹೋಗಿದ್ದವರಿಗೆ ಕೆಡವೋದು ಬೇಗ ಬರುತ್ತದೆ. ಆದರೆ ಕುಸ್ತಿಯಲ್ಲಿ ಬೆನ್ನು ನೆಲಕ್ಕೆ ತಾಗಿದರೆ ಆಟ ಮುಗಿಯಿತು. ಇಲ್ಲಿ ಆಗಲೇ ಶುರು. ಅದು ತಲೆಗೆ ಹೋಗೋಕೆ ಅವರಿಗೂ ಟೈಮ್ ಬೇಕು.

ಈಗ ಟ್ಯಾಪ್ ವಿಷಯ, ಅಂದರೆ "ಸೋತೆ, ಬಿಡು" ಅಂತ ತಟ್ಟಿ ಹೇಳೋದು. ಎದುರಿನವನು ಬೆನ್ನ ಹಿಂದಿನಿಂದ ಬಂದು, ಮೊಣಕೈ ನಿಮ್ಮ ಗದ್ದದ ಕೆಳಗೆ ಬರುವ ಹಾಗೆ ಕುತ್ತಿಗೆ ಸುತ್ತುತ್ತಾನೆ. ಉಸಿರು ಇನ್ನೂ ಆಡುತ್ತಿರುತ್ತದೆ, ಅದಕ್ಕೇ "ಇನ್ನೂ ತಡ್ಕೋಬಹುದು" ಅನ್ನಿಸುತ್ತದೆ. ಒತ್ತಡ ಬೀಳೋದು ಕುತ್ತಿಗೆಯ ಎರಡೂ ಬದಿಯ ರಕ್ತನಾಳಗಳ ಮೇಲೆ. ಕಿವಿಯಲ್ಲಿ ಗುಂಯ್ ಅನ್ನುತ್ತದೆ, ನೋಟ ಅಂಚಿನಿಂದ ಕಪ್ಪಾಗುತ್ತಾ ಬರುತ್ತದೆ. ಹಿಡಿತ ಸರಿಯಾಗಿ ಕೂತರೆ ಪ್ರಜ್ಞೆ ತಪ್ಪೋಕೆ ಸುಮಾರು 10 ಸೆಕೆಂಡ್ ಸಾಕು. ನಾನು ಹಟ ಹಿಡಿದು ಒಮ್ಮೆ ಮಲಗಿಬಿಟ್ಟಿದ್ದೇನೆ. ಕಣ್ಣು ಬಿಟ್ಟಾಗ ನಾಲ್ಕು ಮುಖ, ಒಂದು ಫ್ಯಾನು. ಹಾಗಾಗಿ ಅವನ ಮೈ ಮೇಲೆ ಗೊತ್ತಾಗುವಂತೆ ಎರಡು ಮೂರು ಸಲ ತಟ್ಟಿ. ಕೈ ಸಿಕ್ಕಿಹಾಕಿಕೊಂಡಿದ್ದರೆ ಬಾಯಲ್ಲಿ "ಟ್ಯಾಪ್" ಅನ್ನಿ. ಮೊದಲ ಆರು ತಿಂಗಳು ನಾನು ದಿನಕ್ಕೆ ಹತ್ತು ಸಲ ತಟ್ಟಿದವನು.

ಸಾಮಾನು ಜಾಸ್ತಿ ಬೇಡ. ಮೌತ್‌ಗಾರ್ಡ್, ಕೈಗೆ ಸುತ್ತುವ ಪಟ್ಟಿ, ಗಂಡಸರಿಗೆ ತೊಡೆಸಂದಿಯ ಗಾರ್ಡ್, ಸ್ಪಾರಿಂಗ್‌ಗೆ 16 ಔನ್ಸ್ ಗ್ಲೌಸ್. ಮುಂಬಯಿ ಮಳೆಗಾಲದಲ್ಲಿ ಏನೂ ಒಣಗಲ್ಲ. ಒದ್ದೆ ಬಟ್ಟೆಯನ್ನು ಬ್ಯಾಗಿನಲ್ಲೇ ಬಿಟ್ಟರೆ ಗಜಕರ್ಣ ಗ್ಯಾರಂಟಿ. ಮನೆಗೆ ಬಂದ ಕೂಡಲೇ ಸ್ನಾನ, ಗ್ಲೌಸ್ ಒಳಗೆ ಹಳೇ ಪೇಪರ್. ಚರ್ಮದ ಮೇಲೆ ಕಲೆ ಕಂಡರೆ ವಾಸಿಯಾಗುವ ತನಕ ಮ್ಯಾಟ್ ಹತ್ತಬೇಡಿ. ತಲೆಗೆ ಪೆಟ್ಟು ಬಿದ್ದು ವಾಂತಿ, ತಲೆಸುತ್ತು ಬಂದರೆ ಡಾಕ್ಟರ್ ಹತ್ತಿರ ಹೋಗಿ. ಅವರು ಸರಿ ಅನ್ನೋ ತನಕ ಸ್ಪಾರಿಂಗ್ ಇಲ್ಲ.

ಊಟ? ನಮ್ಮದು ಶುದ್ಧ ಸಸ್ಯಾಹಾರಿ ಹೋಟೆಲ್. ಬೆಳಿಗ್ಗೆ ಇಡ್ಲಿ ಜೊತೆ ಮೊಳಕೆ ಹೆಸರುಕಾಳು, ಪನೀರ್. ಮೊಟ್ಟೆ ಮಾತ್ರ ಸ್ಟೇಷನ್ ಹೊರಗಿನ ಗಾಡಿಯಲ್ಲಿ, ಮಾವನಿಗೆ ಕಾಣದ ಹಾಗೆ.

ಪಂದ್ಯದ ಯೋಚನೆಯನ್ನು ವರ್ಷದ ನಂತರ ಮಾಡಿ, ಅದೂ ಹವ್ಯಾಸಿಗಳ ವಿಭಾಗವಾದ ಅಮೆಚೂರ್‌ನಲ್ಲಿ. ಅಲ್ಲಿ ಸಾಮಾನ್ಯವಾಗಿ 3 ನಿಮಿಷದ 3 ಸುತ್ತು. ಪ್ರೊಫೆಷನಲ್ ಆದರೆ ಸುತ್ತಿಗೆ 5 ನಿಮಿಷ. ಅಮೆಚೂರ್‌ನಲ್ಲಿ ಮೊಣಕೈ ಏಟಿಲ್ಲ, ಮೊಣಕಾಲಿನ ಕೆಳಗಿನ ಮುಂಭಾಗಕ್ಕೆ (ಶಿನ್) ಗಾರ್ಡ್ ಇರುತ್ತದೆ. ಹೆಪಟೈಟಿಸ್, ಎಚ್‌ಐವಿ ರಕ್ತಪರೀಕ್ಷೆ ಕೇಳಿದರೆ ಬೇಸರ ಬೇಡ. ಕೇಳದಿದ್ದರೆ ಅನುಮಾನಪಡಿ. 2019ರಲ್ಲಿ ಶುರುವಾದ ಮ್ಯಾಟ್ರಿಕ್ಸ್ ಫೈಟ್ ನೈಟ್ ಥರದ ಪ್ರೊಫೆಷನಲ್ ಪಂದ್ಯಾವಳಿಗಳೆಲ್ಲ ಆಮೇಲಿನ ಮಾತು.

ತೂಕ ಇಳಿಸುವ ಹುಚ್ಚು ಮೊದಲ ಪಂದ್ಯಕ್ಕೆ ಬೇಡವೇ ಬೇಡ. ನಾನು 70 ಕಿಲೋ ಇದ್ದೆ. ಫೆದರ್‌ವೇಟ್‌ನ 65.8 ಕಿಲೋ ಮಿತಿಗೆ ಇಳಿಯಲು ಐದು ದಿನ ಸರಿಯಾಗಿ ನೀರೇ ಕುಡಿಯಲಿಲ್ಲ. ತಕ್ಕಡಿಯಲ್ಲಿ ಪಾಸಾದೆ. ಎರಡನೇ ಸುತ್ತಿಗೆ ಮೀನಖಂಡ ಹಿಡಿದುಕೊಂಡು ಏಳಲಾಗದೆ ಟ್ಯಾಪ್ ಮಾಡಿದೆ. ಸುಮ್ನೆ ಲೈಟ್‌ವೇಟ್‌ನಲ್ಲಿ, 70.3ರ ಮಿತಿಯಲ್ಲಿ, ಹೊಟ್ಟೆ ತುಂಬ ಉಂಡು ಆಡಬಹುದಿತ್ತು. ಮತ್ತೆ, ಆ ದಿನ ಯಾರನ್ನಾದರೂ ಜೊತೆಗೆ ಕರೆದುಕೊಂಡು ಹೋಗಿ. ವಾಪಸು ಬರುವಾಗ ರಾತ್ರಿ ಲೋಕಲ್‌ನಲ್ಲಿ ನಿಮ್ಮ ಬ್ಯಾಗ್ ಹೊರೋಕೆ ಒಬ್ಬರು ಬೇಕು.